ಕವಳ ಬಿಡಿಸಲು, ಮಗುವಿನ ಮೊಬೈಲ್ ತಪ್ಪಿಸಲು: ಎಲ್ಲಿಂದ ಶುರು ಮಾಡಬೇಕು?

‘ಅವರ ಸ್ವಭಾವವೇ ಹಾಗೆ, ಬದಲಾಗೋದಿಲ್ಲ ಬಿಡಿ.’ ಶಿರಸಿ ಕಡೆ ಊಟ ಮುಗಿಸಿ ಜಗಲಿಗೆ ಬಂದ ಕೂಡಲೇ ಕವಳದ (ಎಲೆ-ಅಡಿಕೆಯ) ತಟ್ಟೆಗೆ ಕೈ ಹಾಕುವ ಅಪ್ಪನ ಬಗ್ಗೆ ಹೀಗೆ ಹೇಳುತ್ತಾರೆ. ಕಾರವಾರದಲ್ಲಿ ಮೊಬೈಲ್ ಕೊಡದೆ ಒಂದು ತುತ್ತೂ ನುಂಗದ ಮಗುವಿನ ಬಗ್ಗೆಯೂ ಇದೇ ಮಾತು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಸ್ವಭಾವ ಎಂದು ಕೈಚೆಲ್ಲಿದ ಎಷ್ಟೋ ವಿಷಯಗಳು ಕಲಿತು ಬಂದವು. ಕಲಿತದ್ದನ್ನು ಬದಲಿಸಲು ದಾರಿ ಇದೆ.

ಯಾರನ್ನಾದರೂ ತಿದ್ದಲು ಹೊರಟಾಗ ನಾವು ಮೊದಲು ಅವರ ಮನಸ್ಸನ್ನು ದೂರುತ್ತೇವೆ. ಮನಸ್ಸು ಗಟ್ಟಿ ಇಲ್ಲ, ಹಟ ಜಾಸ್ತಿ, ಸೋಮಾರಿ ಅಂತ. ಅದನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಎರಡು ಪ್ರಶ್ನೆ ಕೇಳಿ ನೋಡಿ. ಆ ಕೆಲಸಕ್ಕೆ ತುಸು ಮುಂಚೆ ಏನಿತ್ತು? ಕೆಲಸ ಆದ ಕೂಡಲೇ ಏನು ಸಿಕ್ಕಿತು? ಬಿ.ಎಡ್. ಮಾಡಿದವರಿಗೆ ಅನುಬಂಧನ (ಒಂದರ ಜೊತೆ ಇನ್ನೊಂದನ್ನು ಬೆಸೆದು ಕಲಿಯುವುದು), ಪುನರ್ಬಲನ (ಫಲ ಸಿಕ್ಕಿ ಕೆಲಸ ಗಟ್ಟಿಯಾಗುವುದು), ಅಭಿಪ್ರೇರಣೆ (ಮಾಡಬೇಕೆಂಬ ಹುಮ್ಮಸ್ಸು) ಎಂಬ ಪಾಠಗಳು ನೆನಪಿರಬಹುದು. ಅವು ಪರೀಕ್ಷೆಗೆ ಮಾತ್ರ ಉಳಿದುಬಿಟ್ಟಿವೆ. ಅವನ್ನು ಜಗಲಿಗೂ ಅಡುಗೆಮನೆಗೂ ತಂದು ಬಳಸುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ.

ಮೊದಲು, ಒಂದೇ ಒಂದು ಕೆಲಸ ಆರಿಸಿಕೊಳ್ಳಿ

‘ಆರೋಗ್ಯ ನೋಡಿಕೊಳ್ಳಬೇಕು’, ‘ಮಗ ಜವಾಬ್ದಾರಿ ಕಲಿಯಬೇಕು’ ಎಂದರೆ ಕೈಗೆ ಏನೂ ಸಿಗುವುದಿಲ್ಲ. ಕಣ್ಣಿಗೆ ಕಾಣುವ, ಎಣಿಸಲು ಬರುವ ಕೆಲಸ ಬೇಕು. ‘ಮಧ್ಯಾಹ್ನ ಊಟದ ಮೇಲೆ ಕವಳ ಹಾಕುವುದಿಲ್ಲ.’ ‘ಸಂಜೆ ಏಳಕ್ಕೆ ಅರ್ಧ ಗಂಟೆ ಪುಸ್ತಕ ಹಿಡಿದು ಕೂರುತ್ತಾನೆ.’ ಹೀಗೆ ಬರೆದುಕೊಳ್ಳಿ. ಕವಳ, ಚಹಾ, ಮೊಬೈಲ್ ಮೂರನ್ನೂ ಒಟ್ಟಿಗೆ ಹಿಡಿಯಬೇಡಿ.

ಒಂದು ವಾರ ಸುಮ್ನೆ ಬರೆದಿಡಿ

ಈ ವಾರ ಏನನ್ನೂ ಬಿಡುವುದು ಬೇಡ, ಬರೆದರೆ ಸಾಕು. ಹೆಚ್ಚಿನವರು ಈ ಹೆಜ್ಜೆ ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ.

ಶಿರಸಿ ಹತ್ತಿರ ತೋಟ ಇರುವ ನಮ್ಮ ಭಾವ ಒಬ್ಬರು ಕವಳದ ಲೆಕ್ಕ ಹೀಗೆ ಬರೆದಿಟ್ಟರು. ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳು. ಪೆನ್ಸಿಲ್ ಅಕ್ಷರ, ಅಲ್ಲಲ್ಲಿ ಸುಣ್ಣದ ಬೆರಳಿನ ಗುರುತು. ‘ಬೆಳಿಗ್ಗೆ ದೋಸೆ ಆದ ಮೇಲೆ. ಬೇಕು ಅನಿಸಿತ್ತು.’ ‘ಹನ್ನೊಂದು ಗಂಟೆ. ಆಚೆಮನೆಯವರು ಬಂದರು. ಆಸರಿಗೆ (ಕುಡಿಯಲು) ಕೊಟ್ಟಾಯಿತು. ತಟ್ಟೆ ಮುಂದೆಯೇ ಇತ್ತು.’ ‘ತೋಟದಿಂದ ಬಂದೆ. ಸುಸ್ತು. ಕೂರಲು ಒಂದು ನೆವ.’ ‘ರಾತ್ರಿ ಅಡಿಕೆ ಸುಲಿಯುವಾಗ. ಎಲ್ಲರೂ ಹಾಕಿದರು.’

ವಾರದ ಕೊನೆಗೆ ಓದಿ ಅವರಿಗೇ ಆಶ್ಚರ್ಯ. ಬೇಕು ಅನಿಸಿ ಹಾಕಿದ್ದು ಕಡಿಮೆ. ತಟ್ಟೆ ಕಂಡದ್ದಕ್ಕೆ, ಜನ ಸೇರಿದ್ದಕ್ಕೆ, ದಣಿದದ್ದಕ್ಕೆ ಹಾಕಿದ್ದೇ ಜಾಸ್ತಿ. ಮೂರಕ್ಕೂ ಮದ್ದು ಬೇರೆ ಬೇರೆ, ಅಲ್ವಾ? ‘ಕವಳ ಬಿಡಿ’ ಎಂಬ ಒಂದೇ ಉಪದೇಶ ಮೂರಕ್ಕೂ ನಾಟುವುದಿಲ್ಲ.

ಇಲ್ಲಿ ಎರಡು ಬಗೆಯ ಕಲಿಕೆ ಒಟ್ಟಿಗೆ ಕೆಲಸ ಮಾಡುತ್ತದೆ. ಮೊದಲನೆಯದನ್ನು ತೋರಿಸಿದವರು ರಷ್ಯಾದ ಇವಾನ್ ಪಾವ್ಲೋವ್. ಅವರು ಶರೀರಶಾಸ್ತ್ರಜ್ಞರು. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದವರು. ಊಟ ಬಾಯಿಗೆ ಬೀಳುವ ಮೊದಲೇ ನಾಯಿಗಳು ಜೊಲ್ಲು ಸುರಿಸುವುದನ್ನು ಅವರು ಗಮನಿಸಿದರು. ತಾಳ ಹಿಡಿಯುವ ಯಂತ್ರವಾದ ಮೆಟ್ರೋನೋಮ್‌ನ ಟಿಕ್ ಟಿಕ್ ಕೇಳಿಸಿ, ಆಮೇಲೆ ಊಟ ಕೊಡುತ್ತಾ ಹೋದರೆ ಕೊನೆಗೆ ಬರೀ ಆ ಸದ್ದಿಗೇ ಜೊಲ್ಲು ಬರುತ್ತಿತ್ತು. ಕವಳ ಹಾಕುವವರ ಮನೆಯಲ್ಲಿ ಅಡಕತ್ತರಿಯ ಸದ್ದು ಮಾಡುವುದೂ ಅದನ್ನೇ. ಒಳಗಿನ ಕೋಣೆಯಲ್ಲಿ ಇದ್ದವರಿಗೂ ಬಾಯಲ್ಲಿ ನೀರು. ಇದರಲ್ಲಿ ಮನಸ್ಸು ಗಟ್ಟಿಯೋ ಸಡಿಲವೋ ಎಂಬ ಪ್ರಶ್ನೆಯೇ ಬರುವುದಿಲ್ಲ.

ಎರಡನೆಯದು, ಮಾಡಿದ ಕೆಲಸಕ್ಕೆ ಸಿಗುವ ಫಲದಿಂದ ಬರುವ ಕಲಿಕೆ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದರು. ಆ ಅಧ್ಯಯನ ಹೊರಬಂದದ್ದು 1898ರಲ್ಲಿ. ಬಾಗಿಲು ತೆರೆಸಿದ ಚಲನೆಯನ್ನು ಬೆಕ್ಕು ಮುಂದಿನ ಸಲ ಬೇಗ ಮಾಡುತ್ತಿತ್ತು, ಉಳಿದ ಒದ್ದಾಟ ಕಡಿಮೆಯಾಗುತ್ತಿತ್ತು. ಬಿ.ಎಫ್. ಸ್ಕಿನ್ನರ್ ಇದನ್ನೇ ಬೆಳೆಸಿ ಇಡೀ ಒಂದು ವಿಜ್ಞಾನ ಮಾಡಿದರು. ಹಿತವಾದ ಫಲ ಕೊಟ್ಟ ಕೆಲಸ ಮತ್ತೆ ಮತ್ತೆ ಆಗುತ್ತದೆ. ಫಲ ಸಿಗದ ಕೆಲಸ ಮೆಲ್ಲಗೆ ನಿಲ್ಲುತ್ತದೆ.

ಮುಂಚಿನದನ್ನು ಬದಲಿಸಿ

ಕವಳದ ತಟ್ಟೆ ಜಗಲಿಯಿಂದ ಏಳಲಿ. ಕಣ್ಣಿಗೆ ಬೀಳದ ಕಡೆ ಇಡಿ. ಅಡಕತ್ತರಿ ಒಂದು ಕೋಣೆಯಲ್ಲಿ, ಎಲೆ ಇನ್ನೊಂದು ಕಡೆ ಇರಲಿ. ತಂಬಾಕು ಮನೆಗೆ ತರುವುದೇ ಬೇಡ. ಪ್ರತಿ ಸಲ ಎದ್ದು ಹೋಗಿ ಹುಡುಕಿ ತರಬೇಕಾದರೆ, ತಟ್ಟೆ ಕಂಡದ್ದಕ್ಕೇ ಹಾಕುವ ಕವಳ ಅಷ್ಟಕ್ಕೇ ನಿಲ್ಲುತ್ತದೆ.

ಬಂದವರಿಗೆ ಕವಳ ಕೊಡದಿದ್ದರೆ ಮರ್ಯಾದೆ ಅಲ್ಲ ಎನ್ನುವವರು ಇದ್ದಾರೆ. ಅರ್ಥವಾಗುತ್ತದೆ. ಆದರೆ ತಂಬಾಕು ಸೇರಿಸದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರ್‌ಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆಯಿಂದಲೇ ಒಲೆ ಉರಿಯುವ ಊರಿನಲ್ಲಿ ಇದನ್ನು ಬರೆಯಲು ಕಷ್ಟ. ಆದರೂ ಬರೆಯಲೇಬೇಕು. ಬಂದವರಿಗೆ ಮುರುಗಲ ಪಾನಕ ಕೊಡಿ, ಮಜ್ಜಿಗೆ ಕೊಡಿ, ಪಕ್ಕದಲ್ಲಿ ಕೂತು ಎರಡು ಮಾತಾಡಿ. ಅವರು ಬಂದದ್ದು ಮಾತಿಗೆ.

ಜಾಗದ ಶಕ್ತಿ ಎಷ್ಟು ಎಂದು ನಮ್ಮಲ್ಲೇ ನೋಡಬಹುದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗರು ಅಲ್ಲಿ ತಿಂಗಳುಗಟ್ಟಲೆ ಕವಳ ಮುಟ್ಟುವುದಿಲ್ಲ. ಚೌತಿಗೆ ಊರಿಗೆ ಬಂದು ಜಗಲಿಯಲ್ಲಿ ಕೂತರೆ ಕೈ ತಾನಾಗಿ ತಟ್ಟೆಗೆ ಹೋಗುತ್ತದೆ. ಇದೇ ಮಾತು ಉಲ್ಟಾ ಆಗಿಯೂ ನಿಜ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟ ಹತ್ತಿಸಿಕೊಂಡಿದ್ದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ 1970ರ ದಶಕದಲ್ಲಿ ಹಿಂಬಾಲಿಸಿ ನೋಡಿದರು. ಊರಿಗೆ ಮರಳಿದ ಮೇಲೆ ಹೆಚ್ಚಿನವರು ಮತ್ತೆ ಚಟಕ್ಕೆ ಬೀಳಲಿಲ್ಲ. ಆ ಜಾಗ, ಆ ಜೊತೆ, ಆ ಭಯ ಯಾವುದೂ ಮನೆಯಲ್ಲಿ ಇರಲಿಲ್ಲ.

ಕರಾವಳಿಯ ಮೀನುಗಾರರಿಗೆ ಇಂಥದ್ದೊಂದು ಅವಕಾಶ ಪ್ರತಿ ವರ್ಷ ತಾನಾಗಿ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಒಟ್ಟು 61 ದಿನ. ಬಲೆ ಎಳೆದ ಮೇಲೆ ಎಲ್ಲರೂ ಸೇರಿ ಬೀಡಿ ಹಚ್ಚುವ ಆ ಹೊತ್ತು ಈ ಎರಡು ತಿಂಗಳು ಇರುವುದಿಲ್ಲ. ಬೀಡಿ ಬಿಡಬೇಕು ಎನ್ನುವವರು ಜೂನ್ 1ನ್ನೇ ಮೊದಲ ದಿನ ಮಾಡಿಕೊಳ್ಳಲಿ. ಬೈತಖೋಲ ಬಂದರಿನಲ್ಲೋ ತದಡಿಯಲ್ಲೋ ಬಲೆ ರಿಪೇರಿಗೆ ಕೂರುವಾಗ ಬೀಡಿ ಸೇದದವರ ಪಕ್ಕ ಕೂತರೆ ಇನ್ನೂ ಒಳ್ಳೆಯದು. ಆಗಸ್ಟ್‌ನಲ್ಲಿ ಬೋಟು ಹೊರಟಾಗ ಹಳೆಯ ಆಸೆ ಮತ್ತೆ ಬರುತ್ತದೆ. ಅದರ ತಯಾರಿ ಕೊನೆಯಲ್ಲಿ ಹೇಳುತ್ತೇನೆ.

ನಂತರದ್ದನ್ನು ಬದಲಿಸಿ

ಕ್ಯಾನ್ಸರ್ ಆಗುತ್ತದೆ ಎಂದು ಎಷ್ಟು ಹೇಳಿದರೂ ಕವಳ ಯಾಕೆ ಬಿಡುವುದಿಲ್ಲ? ಕವಳದ ರುಚಿ ಈ ಕ್ಷಣಕ್ಕೆ ಸಿಗುತ್ತದೆ. ಕಾಯಿಲೆ ಬರುವುದು ಎಷ್ಟೋ ವರ್ಷದ ಮೇಲೆ, ಬಂದರೆ. ತಕ್ಷಣದ ಸಣ್ಣ ಫಲದ ಎದುರು ದೂರದ ದೊಡ್ಡ ಫಲ ಸೋಲುತ್ತದೆ. ಹಾಗಾಗಿ ಬಿಟ್ಟದ್ದಕ್ಕೂ ತಕ್ಷಣ ಏನಾದರೂ ಸಿಗಬೇಕು.

ಮೊದಲು ಪುಸ್ತಕ ನೋಡಿ, ಹಳೆಯ ಅಭ್ಯಾಸದಿಂದ ಏನು ಸಿಗುತ್ತಿತ್ತು ಎಂದು ತಿಳಿದುಕೊಳ್ಳಿ. ಭಾವನಿಗೆ ತೋಟದಿಂದ ಬಂದಾಗ ಬೇಕಿದ್ದದ್ದು ಐದು ನಿಮಿಷ ಕೂರುವುದು. ಕವಳ ಇಲ್ಲದೆ ಸುಮ್ನೆ ಕೂತರೆ ಏನೋ ಕೆಲಸಗಳ್ಳತನ ಮಾಡಿದ ಹಾಗೆ ಅವರಿಗೆ ಅನಿಸುತ್ತಿತ್ತು. ಮನೆಯಲ್ಲಿ ಅತ್ತಿಗೆ ಆ ಹೊತ್ತಿಗೆ ಮಜ್ಜಿಗೆ ಲೋಟ ತಂದು ಜಗಲಿಯಲ್ಲಿಟ್ಟು ತಾವೂ ಕೂರತೊಡಗಿದರು. ಕೂರಲು ನೆವ ಸಿಕ್ಕಿತು, ಜೊತೆಯೂ ಸಿಕ್ಕಿತು. ಸಂಜೆಯ ಕವಳ ಮೊದಲು ಹೋದದ್ದು ಹೀಗೆ. ಊಟದ ಮೇಲಿನದು ಬಹಳ ಕಾಲ ಹಿಡಿಯಿತು. ಅಲ್ಲಿ ಬಾಯಿಗೇ ಏನೋ ಬೇಕಿತ್ತು. ಏಲಕ್ಕಿ, ಲವಂಗ ಇಟ್ಟುಕೊಂಡರು.

ಇನ್ನೊಂದು, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಉಳಿದ ದುಡ್ಡನ್ನು ಅದೇ ದಿನ ಡಬ್ಬಿಗೆ ಹಾಕಿ. ‘ಇವತ್ತೂ ಹಾಕಲಿಲ್ಲ ಅಲ್ವಾ’ ಎಂದು ಮನೆಯವರು ಒಂದು ಮಾತು ಹೇಳಲಿ. ಶುರುವಿನಲ್ಲಿ ಪ್ರತಿ ಸಲ ಹೇಳಬೇಕು. ಅಭ್ಯಾಸ ಕೂತ ಮೇಲೆ ಆಗಾಗ ಹೇಳಿದರೆ ಸಾಕು.

ಮಗು, ಮೊಬೈಲ್ ಮತ್ತು ಅಮ್ಮ

ಈಗ ಊಟದ ಮಣೆಗೆ ಬರೋಣ. ಮಗು ಅಳುತ್ತದೆ. ಅಮ್ಮನಿಗೆ ಅಡುಗೆಮನೆಯಲ್ಲಿ ಇನ್ನೂ ಕೆಲಸ ಇದೆ, ಬಂಗಡೆ ಸಾರು ಒಲೆಯ ಮೇಲಿದೆ. ಮೊಬೈಲ್ ಕೊಡುತ್ತಾಳೆ. ಅಳು ನಿಲ್ಲುತ್ತದೆ. ಇಲ್ಲಿ ಕಲಿತವರು ಇಬ್ಬರು. ಅತ್ತರೆ ಮೊಬೈಲ್ ಸಿಗುತ್ತದೆ ಎಂದು ಮಗು ಕಲಿಯಿತು. ಮೊಬೈಲ್ ಕೊಟ್ಟರೆ ಕಿರಿಕಿರಿ ನಿಲ್ಲುತ್ತದೆ ಎಂದು ಅಮ್ಮ ಕಲಿತಳು. ಅಮ್ಮನದ್ದನ್ನು ಋಣಾತ್ಮಕ ಪುನರ್ಬಲನ ಎನ್ನುತ್ತಾರೆ. ಇದನ್ನು ಶಿಕ್ಷೆ ಎಂದು ತಪ್ಪು ತಿಳಿಯುವವರು ಬಹಳ. ಹಿಂಸೆ ಒಂದು ತಪ್ಪಿತು ಎಂಬ ನಿರಾಳವೇ ಇಲ್ಲಿ ಬಹುಮಾನ. ಆ ನಿರಾಳಕ್ಕಾಗಿ ನಾವು ಮತ್ತೆ ಅದನ್ನೇ ಮಾಡುತ್ತೇವೆ. ಅಮ್ಮನನ್ನು ಬೈಯುವವರು ಇದನ್ನು ತಿಳಿದುಕೊಳ್ಳಬೇಕು. ಆ ಹೊತ್ತಿನಲ್ಲಿ ಅವಳ ಕೈಗೆ ಇನ್ನೊಬ್ಬರ ನೆರವು ಇದ್ದಿದ್ದರೆ ಮೊಬೈಲ್ ಬೇಕಾಗುತ್ತಿರಲಿಲ್ಲ.

ಬಿಡಿಸುವ ಮೊದಲು ಮನೆಯವರೆಲ್ಲ ಒಂದು ಮಾತಿಗೆ ಬನ್ನಿ. ಅಜ್ಜ, ಅಜ್ಜಿ, ಅಪ್ಪ, ರಜೆಗೆ ಬಂದ ಚಿಕ್ಕಮ್ಮ ಎಲ್ಲರೂ. ಯಾಕೆ ಎಂದು ಹೇಳುತ್ತೇನೆ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವಲ್ಲಿ, ಗಾಳ ಹಾಕಿ ಕೂರುವವರನ್ನು ನೋಡಿ. ಹಾಕಿದಾಗಲೆಲ್ಲ ಮೀನು ಸಿಕ್ಕುವುದಿಲ್ಲ. ಯಾವಾಗ ಸಿಕ್ಕುತ್ತದೆ ಎಂದೂ ಗೊತ್ತಿಲ್ಲ. ಅದಕ್ಕೇ ಎದ್ದು ಹೋಗಲು ಮನಸ್ಸು ಬರುವುದಿಲ್ಲ, ಇನ್ನೊಂದು ಸಲ, ಇನ್ನೊಂದು ಸಲ. ಫಲ ಯಾವಾಗ ಬರುತ್ತದೆ ಎಂದು ತಿಳಿಯದಂತೆ ಕೊಟ್ಟರೆ ನಡವಳಿಕೆ ಬಹಳ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂದು ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರಲ್ಲಿ ವಿವರವಾಗಿ ತೋರಿಸಿದರು. ಓಸಿ ಆಟದ ಹುಚ್ಚೂ, ರೀಲ್ಸ್ ಮೇಲಕ್ಕೆ ತಳ್ಳುತ್ತಾ ರಾತ್ರಿ ಕಳೆಯುವುದೂ ಇದೇ ದಾರಿಯವು. ಅಮ್ಮ ಆರು ದಿನ ಇಲ್ಲ ಎಂದು, ಏಳನೇ ದಿನ ಅಜ್ಜ ಕದ್ದು ಮೊಬೈಲ್ ಕೊಟ್ಟರೆ, ಮಗು ಗಾಳ ಹಾಕಿ ಕೂತ ಹಾಗೆ ಕಾಯಲು ಕಲಿಯುತ್ತದೆ.

ಎರಡನೆಯ ತಯಾರಿ ನಿಮ್ಮ ಮನಸ್ಸಿಗೆ. ಮೊಬೈಲ್ ನಿಲ್ಲಿಸಿದ ಮೊದಲ ಕೆಲವು ದಿನ ಅಳು ಕಡಿಮೆಯಾಗುವ ಬದಲು ಜಾಸ್ತಿ ಆಗಬಹುದು. ಹಿಂದೆ ಕೆಲಸ ಮಾಡುತ್ತಿದ್ದ ಉಪಾಯ ಕೈಕೊಟ್ಟಾಗ ಯಾರಾದರೂ ಅದನ್ನೇ ಜೋರಾಗಿ ಮಾಡಿ ನೋಡುತ್ತಾರೆ. ಇದನ್ನು ಕಂಡು ‘ಉಪಯೋಗ ಇಲ್ಲ’ ಎಂದು ಸೋಲಬೇಡಿ. ಆ ಜೋರು ಅಳುವಿಗೆ ಕೊಟ್ಟುಬಿಟ್ಟರೆ, ಅಷ್ಟು ಜೋರಾಗಿ ಅತ್ತರೆ ಸಿಗುತ್ತದೆ ಎಂದು ನೀವೇ ಕಲಿಸಿದಂತೆ. ಪೂರ್ತಿ ನಿಲ್ಲಿಸುವ ಧೈರ್ಯ ಇಲ್ಲದಿದ್ದರೆ ಇನ್ನೂ ಶುರು ಮಾಡಬೇಡಿ. ಮನೆಯಲ್ಲಿ ಜನ ಇರುವ, ಕೆಲಸ ಕಡಿಮೆ ಇರುವ ವಾರ ನೋಡಿ ಶುರು ಮಾಡಿ.

ಅಳುವಿಗೆ ಗಮನ ಕಡಿಮೆ ಮಾಡಿದ ಮೇಲೆ, ಆ ಗಮನ ಬೇರೆ ಕಡೆ ಧಾರಾಳವಾಗಿ ಸಿಗಬೇಕು. ಒಂದು ತುತ್ತು ತಾನಾಗಿ ತಿಂದರೆ ಆಗಲೇ ಮಾತಾಡಿಸಿ. ಅನ್ನ ಕಲಸಲು ಬಿಡಿ, ಚೆಲ್ಲಿದರೆ ಚೆಲ್ಲಲಿ. ಊಟ ಆದ ಮೇಲೆ ಕಡಲ ಬದಿಗೆ ಹೋಗೋಣ ಎಂದರೆ ಹೋಗಲೇಬೇಕು. ಇಷ್ಟದ ಕೆಲಸವನ್ನು ಕಡಿಮೆ ಇಷ್ಟದ ಕೆಲಸದ ಹಿಂದೆ ಇಡುವ ಈ ಉಪಾಯಕ್ಕೆ ಡೇವಿಡ್ ಪ್ರಿಮ್ಯಾಕ್ ಹೆಸರಿದೆ. ನಮ್ಮ ಅಜ್ಜಿಯರು ಹೆಸರಿಲ್ಲದೆಯೇ ಮಾಡುತ್ತಿದ್ದರು.

ಹೊಡೆದರೆ ಆಗುವುದೇನು?

ಆ ಕ್ಷಣಕ್ಕೆ ನಿಲ್ಲುತ್ತದೆ. ಹೊಡೆದವರಿಗೆ ನಿರಾಳ ಸಿಗುತ್ತದೆ, ಹಾಗಾಗಿ ಅವರು ಮತ್ತೆ ಹೊಡೆಯುತ್ತಾರೆ. ಮಗು ಕಲಿಯುವುದು ಕದ್ದು ಮಾಡುವುದನ್ನು. ಏನು ಮಾಡಬಾರದು ಎಂದು ಪೆಟ್ಟು ಹೇಳಬಹುದು, ಏನು ಮಾಡಬೇಕು ಎಂದು ಅದಕ್ಕೆ ಹೇಳಲು ಬರುವುದಿಲ್ಲ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ.

ಪೆಟ್ಟಿನ ಭಯ ಪೆಟ್ಟಿನಲ್ಲೇ ನಿಲ್ಲುವುದಿಲ್ಲ. ಗಣಿತದ ತರಗತಿಯಲ್ಲಿ ಬಿದ್ದ ಪೆಟ್ಟು ಗಣಿತಕ್ಕೇ ಅಂಟುತ್ತದೆ. ಜಾನ್ ವಾಟ್ಸನ್ ಮತ್ತು ರೋಸಲಿ ರೇನರ್ 1920ರಲ್ಲಿ ಒಂದು ಕೂಸಿಗೆ ಬಿಳಿ ಇಲಿ ತೋರಿಸುವಾಗಲೇ ಕಬ್ಬಿಣದ ಸಲಾಕೆಗೆ ಸುತ್ತಿಗೆಯಿಂದ ಬಡಿದು ಬೆದರಿಸಿದರು. ಮುಂದೆ ಆ ಕೂಸು ಇಲಿ ಕಂಡರೇ ಅಳತೊಡಗಿತು. ಇಂದು ಯಾರೂ ಅಂಥ ಪ್ರಯೋಗಕ್ಕೆ ಅನುಮತಿ ಕೊಡುವುದಿಲ್ಲ, ಕೊಡಬಾರದು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮೇರಿ ಕವರ್ ಜೋನ್ಸ್ 1924ರಲ್ಲಿ ಪ್ರಕಟಿಸಿದ ಕೆಲಸ. ಮೊಲ ಕಂಡರೆ ಹೆದರುವ ಪೀಟರ್ ಎಂಬ ಪುಟ್ಟ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತಾ, ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಹುಡುಗ ಮೊಲದ ಜೊತೆ ಆಡಿದ.

ಅಲೆಗೆ ಹೆದರಿದ ಮಗುವಿಗೂ ಇದೇ ದಾರಿ. ಮೊದಲ ದಿನ ದೂರದ ಮರಳಿನಲ್ಲಿ ಆಟ, ತಿಂಡಿ. ಮಗು ನಗುತ್ತಿದ್ದರೆ ಮಾತ್ರ ಮುಂದಿನ ದಿನ ನಾಲ್ಕು ಹೆಜ್ಜೆ ಮುಂದೆ. ಎತ್ತಿಕೊಂಡು ಹೋಗಿ ನೀರಿಗೆ ಇಳಿಸಬೇಡಿ.

ಎಲ್ಲ ಭಯವನ್ನೂ ತೆಗೆಯಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಕುಸಿದು ಜೀವಗಳು ಹೋದವು. ಸುರಿವ ಮಳೆಯಲ್ಲಿ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಲು ಹೆದರುವುದು ಬುದ್ಧಿವಂತಿಕೆ. ಬಿಸಿಲಿನ ದಿನವೂ ಆ ರಸ್ತೆಗೆ ಬರಲಾಗದೆ, ಮಳೆ ಸದ್ದಿಗೆ ನಿದ್ದೆ ಬಾರದೆ ತಿಂಗಳುಗಳು ಕಳೆದರೆ ಸಹಾಯ ಕೇಳಿ. ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಬೇಡ.

ಬಹುಮಾನ ಕೊಡಬಾರದ ಜಾಗ

ಇಷ್ಟು ಓದಿ ‘ಎಲ್ಲದಕ್ಕೂ ಏನಾದರೂ ಕೊಟ್ಟರೆ ಆಯಿತು’ ಅಂದುಕೊಳ್ಳಬೇಡಿ. ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು 1973ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಚಿತ್ರ ಬಿಡಿಸುವುದೆಂದರೆ ತಾವಾಗಿಯೇ ಓಡಿ ಬರುವ ನರ್ಸರಿ ಮಕ್ಕಳು. ಕೆಲವರಿಗೆ ‘ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಹೇಳದೆ ಕೊಟ್ಟರು. ಕೆಲವರಿಗೆ ಕೊಡಲೇ ಇಲ್ಲ. ಮುಂದೆ ಬಿಡುವಿನ ವೇಳೆಯಲ್ಲಿ ನೋಡಿದರೆ, ಆಸೆ ತೋರಿಸಿ ಬಿಡಿಸಿಕೊಂಡ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಬಣ್ಣ ಹಿಡಿದರು. ಹೇಳದೆ ಬಹುಮಾನ ಪಡೆದವರ ಇಷ್ಟ ಕಡಿಮೆಯಾಗಿರಲಿಲ್ಲ.

ಹಾಗಾಗಿ ಚಂಡೆ ಸದ್ದಿಗೇ ಎದ್ದು ಕುಣಿಯುವ ಹುಡುಗಿಗೆ ‘ಒಂದು ಹೆಜ್ಜೆ ಕಲಿತರೆ ನೂರು ರೂಪಾಯಿ’ ಎನ್ನಬೇಡಿ. ಯಕ್ಷಗಾನದ ತರಗತಿಗೆ ಕರೆದುಕೊಂಡು ಹೋಗಿ, ಕುಣಿದಾಗ ಕೂತು ನೋಡಿ. ಇಷ್ಟವೇ ಇಲ್ಲದ ಮಗ್ಗಿಗೆ ಶುರುವಿನಲ್ಲಿ ಸಣ್ಣ ಬಹುಮಾನ ಇರಲಿ, ತಪ್ಪಿಲ್ಲ. ಮಗ್ಗಿ ಬಾಯಿಗೆ ಬರತೊಡಗಿದ ಮೇಲೆ ಅದನ್ನು ಮೆಲ್ಲಗೆ ತೆಗೆಯಿರಿ.

ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೇಳುವ ಪ್ರಕಾರ ಒಳಗಿನ ಹುಮ್ಮಸ್ಸು ಉಳಿಯಲು ಮೂರು ಬೇಕು. ಇದು ನಾನೇ ಆರಿಸಿದ್ದು, ಇದು ನನಗೆ ಬರುತ್ತಿದೆ, ನನ್ನವರು ಜೊತೆಗಿದ್ದಾರೆ. ಓದಲು ಕೂರಿಸುವಾಗ ಇದನ್ನು ಬಳಸಿ. ಗಣಿತ ಮೊದಲೋ ಕನ್ನಡ ಮೊದಲೋ, ಅವನೇ ಹೇಳಲಿ. ಖಂಡಿತ ಬರುವ ಎರಡು ಲೆಕ್ಕ ಮೊದಲು ಕೊಡಿ. ಆ ಅರ್ಧ ಗಂಟೆ ನೀವು ಟಿವಿ ಹಾಕದೆ ಅಲ್ಲೇ ಕೂತು ನಿಮ್ಮ ಲೆಕ್ಕಪತ್ರ ಬರೆಯಿರಿ. ಹೊಗಳುವಾಗ ‘ನೀನು ಜಾಣ’ ಎನ್ನುವ ಬದಲು ‘ಆ ಲೆಕ್ಕ ಮೂರು ಸಲ ಮಾಡಿ ನೋಡಿದೆಯಲ್ಲ’ ಎನ್ನಿ.

ತಪ್ಪಿದ ದಿನ

21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ. ಫಿಲಿಪಾ ಲಾಲಿ ಮತ್ತು ಜೊತೆಗಾರರು ಲಂಡನ್ನಿನಲ್ಲಿ 96 ಜನರನ್ನು ನೋಡಿ ಬರೆದ ಅಧ್ಯಯನದಲ್ಲಿ ಹೊಸ ಅಭ್ಯಾಸ ಕೂರಲು ಹಿಡಿದ ಕಾಲ 18ರಿಂದ 254 ದಿನ. ನಡುವಿನ ಲೆಕ್ಕ 66 ದಿನ. ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಿರಲಿಲ್ಲ. ತಪ್ಪಿದ ಮರುದಿನ ಮತ್ತೆ ಹಿಡಿಯಿರಿ, ಅಷ್ಟೇ. ಮನೆಯವರು ಆ ದಿನ ‘ನಾನು ಮೊದಲೇ ಹೇಳಿದ್ದೆ’ ಎನ್ನಬಾರದು.

ತಂಬಾಕು ಬಿಡುವವರಿಗೆ ಮೊದಲ ವಾರಗಳಲ್ಲಿ ಸಿಟ್ಟು, ತಲೆನೋವು, ನಿದ್ದೆ ಬಾರದಿರುವುದು ಇರಬಹುದು. ಅದು ನಿಕೋಟಿನ್ ಇಲ್ಲದ್ದಕ್ಕೆ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356, ಇದೂ ಉಚಿತ. ಬಾಯಲ್ಲಿ ಬಿಳಿ ಅಥವಾ ಕೆಂಪು ಕಲೆ ಇದ್ದರೆ, ವಾಸಿಯಾಗದ ಹುಣ್ಣು ಇದ್ದರೆ, ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ ಅಭ್ಯಾಸದ ಪುಸ್ತಕ ಪಕ್ಕಕ್ಕಿಟ್ಟು ಈ ವಾರವೇ ಡಾಕ್ಟರಿಗೆ ತೋರಿಸಿ.

ಕಷ್ಟದ ಹೊತ್ತು ಯಾವುದು ಎಂದು ಮೊದಲೇ ಗೊತ್ತಿರುತ್ತದೆ. ಅದಕ್ಕೆ ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಒಂದು ಸಾಲು ಬರೆದಿಟ್ಟುಕೊಳ್ಳಿ. ಬರೀ ನಿರ್ಧಾರಕ್ಕಿಂತ ಇಂಥ ಸಾಲು ಹೆಚ್ಚು ಕೆಲಸ ಮಾಡುತ್ತದೆ ಎಂದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ತೋರಿಸಿದ್ದಾರೆ. ಬೋಟಿನವರು ಜುಲೈ ಕೊನೆಯ ವಾರ ಬರೆಯಲಿ: ‘ಬಲೆ ಎಳೆದಾದ ಮೇಲೆ ಬೀಡಿ ಕೈಗೆ ಬಂದರೆ, ಬೇಡ ಎಂದು ಹೇಳಿ ಚಹಾ ಹಿಡಿದು ಬೋಟಿನ ಆಚೆ ಬದಿಗೆ ಹೋಗುತ್ತೇನೆ.’ ಚೌತಿಗೆ ಊರಿಗೆ ಹೊರಟವರು ಬಸ್ ಹತ್ತುವ ಮೊದಲು ಬರೆಯಲಿ: ‘ತಟ್ಟೆ ಮುಂದೆ ಬಂದರೆ, ಏಲಕ್ಕಿ ಬಾಯಿಗೆ ಹಾಕಿಕೊಂಡು ತಟ್ಟೆಯನ್ನು ಪಕ್ಕದವರಿಗೆ ದಾಟಿಸುತ್ತೇನೆ.’ ಆ ಸಾಲನ್ನು ಅಣ್ಣನಿಗೋ ಅತ್ತಿಗೆಗೋ ಫೋನಿನಲ್ಲಿ ಓದಿ ಹೇಳಿ. ಏಲಕ್ಕಿಯನ್ನು ಬ್ಯಾಗಿನಲ್ಲಿ ಇಡಬೇಡಿ, ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳಿ.